ಬಿಳಿಗುದುರೆಯ ಬಾಲ

ಮೆರವಣಿಗೆಯಲ್ಲಿ ಬಿಳಿಯ ಕುದುರೆಯೊಂದು ಬಂದಿತೆಂದರೆ ನಮ್ಮ ಕಣ್ಣು ಮೊದಲು ಹರಿಯುವುದು ಸವಾರನ ರುಮಾಲಿನ ಕಡೆಗೆ. ಆಮೇಲೆ ಕುದುರೆಯ ಮುಖದ ಕಡೆಗೆ, ಅದರ ನಡೆಯ ಕಡೆಗೆ. ಎಲ್ಲವೂ ದಾಟಿಹೋದ ಮೇಲೆ ಕಟ್ಟಕಡೆಗೆ ಕಾಣುವುದು ಬಾಲ. ಅದು ಮಡಿ ಮಾಡಿದ ಪಂಚೆಯಂತೆ ಬೆಳ್ಳಗಿದ್ದರೆ ಯಾರೂ ಅದರ ಮಾತೆತ್ತುವುದಿಲ್ಲ. ಹಳದಿಗಟ್ಟಿ, ಕೆಸರು ಮೆತ್ತಿ, ಜಡೆಗಟ್ಟಿದ್ದರೆ ಮಾತ್ರ ಬೀದಿಯ ಹುಡುಗರೂ ಕೈತೋರಿಸಿ ನಗುತ್ತಾರೆ. ಅಚ್ಚುಕಟ್ಟಾದ ಕೆಲಸದ ಪಾಡೇ ಹೀಗೆ: ಮಾಡಿದರೆ ಕಾಣದು, ಬಿಟ್ಟರೆ ಕಾಣುವುದು.

ಬಿಳಿಗುದುರೆಯ ಬಾಲವನ್ನು ಬೆಳ್ಳಗೆ ಇಟ್ಟುಕೊಳ್ಳುವುದು ಒಂದು ಚರಿತ್ರೆಯ ವಿಷಯವೆ ಎಂದು ನೀವು ಕೇಳಬಹುದು. ರಾಜರು ಕೊಟ್ಟ ದತ್ತಿಗಳನ್ನು ಶಾಸನಗಳಲ್ಲಿ ಓದುತ್ತೇವೆ. ಕಾದಿ ಮಡಿದ ರಾವುತರನ್ನು ವೀರಗಲ್ಲುಗಳಲ್ಲಿ ಕಾಣುತ್ತೇವೆ. ಆದರೆ ಆ ರಾವುತನ ಕುದುರೆಯ ಬಾಲವನ್ನು ಪ್ರತಿದಿನವೂ ಬಿಡಿಸಿ ತೊಳೆದವನು ಯಾರು? ಅವನ ಹೆಸರು ಕಲ್ಲಿನ ಮೇಲೂ ಇಲ್ಲ, ಓಲೆಯ ಮೇಲೂ ಇಲ್ಲ. ಬಾಲವನ್ನು ಹಿಡಿದು ಹೊರಟರೆ ಆ ಹೆಸರಿಲ್ಲದವನ ಬಳಿಗೆ ಹೋಗಬಹುದೇನೋ ನೋಡೋಣ.

ನಮ್ಮ ಪುರಾಣಗಳಲ್ಲಿ ಬಿಳಿಗುದುರೆಯ ಬಾಲವೇ ಒಂದು ದೊಡ್ಡ ಜಗಳಕ್ಕೆ ಮೂಲವಾಯಿತೆಂಬುದನ್ನು ಹರಿಕಥೆ ಕೇಳಿದವರೆಲ್ಲ ಬಲ್ಲರು. ಮಹಾಭಾರತದ ಆದಿಪರ್ವದಲ್ಲಿ ಕದ್ರು, ವಿನತೆಯರೆಂಬ ಅಕ್ಕತಂಗಿಯರು ಹಾಲ್ಗಡಲಿನಿಂದ ಹುಟ್ಟಿದ ಉಚ್ಚೈಃಶ್ರವಸ್ಸನ್ನು ನೋಡಿ ಪಂತ ಕಟ್ಟುತ್ತಾರೆ. ಕುದುರೆ ಪೂರ್ತಿಯಾಗಿ ಬಿಳಿದು ಎಂದು ವಿನತೆ. ಮೈ ಬಿಳಿದಾದರೂ ಬಾಲ ಕಪ್ಪು ಎಂದು ಕದ್ರು. ಸೋತವಳು ಗೆದ್ದವಳಿಗೆ ದಾಸಿಯಾಗಬೇಕು. ಕದ್ರು ತನ್ನ ಮಕ್ಕಳಾದ ಹಾವುಗಳನ್ನು ಕರೆದು, ಕಪ್ಪು ಕೂದಲಾಗಿ ಕುದುರೆಯ ಬಾಲಕ್ಕೆ ನೇತುಬೀಳಿರೆಂದಳು. ಒಪ್ಪದವರನ್ನು ಜನಮೇಜಯನ ಸರ್ಪಯಾಗದಲ್ಲಿ ಸುಟ್ಟುಹೋಗಿರೆಂದು ಶಪಿಸಿದಳು. ವಿನತೆ ದಾಸಿಯಾದಳು, ಅವಳನ್ನು ಬಿಡಿಸಲು ಗರುಡ ಅಮೃತವನ್ನೇ ತರಬೇಕಾಯಿತು.

ಈ ಕಥೆಯನ್ನು ಕಟ್ಟಿದವರು ಕುದುರೆಗಳನ್ನು ಹತ್ತಿರದಿಂದ ನೋಡಿದವರೆಂದು ನನಗೆ ತೋರುತ್ತದೆ. ನಾವು ಬಿಳಿಗುದುರೆ ಎನ್ನುವುದರಲ್ಲಿ ಹೆಚ್ಚಿನವು ಹುಟ್ಟುವಾಗ ಬಿಳಿಯವಲ್ಲ. ಮರಿಯಾಗಿದ್ದಾಗ ಕಪ್ಪೋ ಕಂದೋ ಕೆಂಪೋ ಇರುತ್ತವೆ. ವರ್ಷ ವರ್ಷ ಕೂದಲು ಉದುರಿ ಹುಟ್ಟಿದಂತೆಲ್ಲ ಬೂದಿಬಣ್ಣಕ್ಕೆ ತಿರುಗಿ, ಕಡೆಗೆ ಬೆಳ್ಳಗಾಗುತ್ತವೆ. ತೊಗಲು ಮಾತ್ರ ಕಪ್ಪಾಗಿಯೇ ಉಳಿಯುತ್ತದೆ. ಹೀಗೆ ಬಣ್ಣ ತಿರುಗುವ ಎಳೆಯ ಕುದುರೆಗಳಲ್ಲಿ ಮೈ ಬೆಳ್ಳಗಾಗುತ್ತ ಬಂದರೂ ಜೂಲು, ಬಾಲಗಳು ಇನ್ನೂ ಕಪ್ಪಾಗಿರುವುದು ಬಹು ಸಾಮಾನ್ಯ. ಅಂದಮೇಲೆ ಬಿಳಿಯ ಮೈಗೆ ಕಪ್ಪು ಬಾಲವೆಂದ ಕದ್ರುವಿನ ಮಾತು ಲೋಕದಲ್ಲಿ ಇಲ್ಲದ ಮಾತೇನಲ್ಲ. ಈ ಬಣ್ಣ ತಿರುಗುವಿಕೆಗೆ ಕಾರಣವಾದ ವಂಶವಾಹಿಯ ವ್ಯತ್ಯಾಸವನ್ನು ಸ್ವೀಡನ್ನಿನ ಉಪ್ಸಾಲಾದ ಸಂಶೋಧಕರು ತಮ್ಮ ಸಂಗಡಿಗರೊಂದಿಗೆ 2008ರಲ್ಲಿ ಪ್ರಕಟಿಸಿದರು.

ಕುದುರೆಯ ಲಕ್ಷಣಗಳನ್ನು ಹೇಳುವ ನಮ್ಮ ಹಳೆಯ ಗ್ರಂಥಗಳೂ ಬಾಲವನ್ನು ಮರೆತಿಲ್ಲ. ಪಂಚಕಲ್ಯಾಣಿಯೆಂಬ ಮಾತು ಕನ್ನಡಿಗರ ಮನೆಮಾತು. ನಾಲ್ಕು ಕಾಲೂ ಮುಖವೂ ಬೆಳ್ಳಗಿರುವ ಕುದುರೆ ಅದು. ಅದಕ್ಕಿಂತ ಮೇಲಿನದು ಅಷ್ಟಮಂಗಲ. ನಾಲ್ಕು ಗೊರಸು, ಎದೆ, ಮುಖ, ಜೂಲು, ಬಾಲ ಈ ಎಂಟೂ ಬೆಳ್ಳಗಿರಬೇಕು. ಬಾಲವೊಂದು ಕೆಟ್ಟರೆ ಅಷ್ಟಮಂಗಲ ಸಪ್ತಮಂಗಲವಾಗಿ ಹೋಗುತ್ತದೆಂದು ತರಗತಿಯಲ್ಲಿ ಹೇಳಿದರೆ ಹುಡುಗರು ನಗುತ್ತಾರೆ. ಆದರೆ ಕುದುರೆ ಮಾರುವವನಿಗೂ ಕೊಳ್ಳುವವನಿಗೂ ಅದು ನಗೆಯ ಮಾತಾಗಿರಲಿಲ್ಲ. ಅಮರಕೋಶ ಬಿಳಿಗುದುರೆಯನ್ನು ಕರ್ಕವೆನ್ನುತ್ತದೆ. ಹನ್ನೆರಡನೆಯ ಶತಮಾನದ ಹೇಮಚಂದ್ರನ ನಿಘಂಟಿನಲ್ಲಿ ಕೋಕಾಹ, ಸೇರಾಹ, ಖೋಂಗಾಹ ಮೊದಲಾದ ವಿಚಿತ್ರ ಹೆಸರುಗಳ ಸಾಲೇ ಇದೆ. ಅವುಗಳಲ್ಲಿ ವೊಲ್ಲಾಹವೆಂಬುದು ಕಂದುಬಣ್ಣದ ಮೈಗೆ ಬಿಳುಪಾದ ಜೂಲು ಬಾಲಗಳಿರುವ ಕುದುರೆ. ಇವು ಸಂಸ್ಕೃತದ ಧಾತುಗಳಿಂದ ಹುಟ್ಟಿದ ಶಬ್ದಗಳಂತೆ ಕಾಣುವುದಿಲ್ಲ. ಪಶ್ಚಿಮದಿಂದ ಕುದುರೆ ತಂದ ವರ್ತಕರ ಬಾಯಿಯಿಂದಲೇ ಬಂದಿರಬೇಕೆಂದು ವಿದ್ವಾಂಸರ ಅಭಿಪ್ರಾಯ. ಕುದುರೆಯ ಜೊತೆಗೆ ಅದರ ಬಣ್ಣದ ಹೆಸರೂ ಹಡಗಿನಿಂದ ಇಳಿಯಿತು.

ನಮ್ಮ ನಾಡಿನಲ್ಲಿ ಕುದುರೆಯ ವಿದ್ಯೆಗೆ ಕೊರತೆಯಿರಲಿಲ್ಲ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರ 1129ರ ಸುಮಾರಿಗೆ ರಚಿಸಿದ ಮಾನಸೋಲ್ಲಾಸದಲ್ಲಿ ಕುದುರೆಗಳ ತಳಿ, ಬಣ್ಣ, ಸುಳಿ, ಪಳಗಿಸುವ ಕ್ರಮ, ಕುದುರೆಯ ಮೇಲೆ ಕುಳಿತು ಆಡುವ ಚೆಂಡಾಟ ಎಲ್ಲವೂ ಇವೆ. ಕನ್ನಡದಲ್ಲಿ ಅಭಿನವಚಂದ್ರ ಅಶ್ವವೈದ್ಯವನ್ನು ಬರೆದ. ಮೈಸೂರಿನ ಚಾಮರಾಜ ಒಡೆಯರ ಕಾಲದಲ್ಲಿ (1617–1637) ಪದ್ಮಣ ಪಂಡಿತ ಹಯಸಾರಸಮುಚ್ಚಯವನ್ನು ರಚಿಸಿದ. ಆದರೆ ವಿದ್ಯೆ ಓಲೆಯಲ್ಲಿದ್ದರೆ ಸಾಲದು, ಕೈಯಲ್ಲಿರಬೇಕು. 1293ರ ಸುಮಾರಿಗೆ ದಕ್ಷಿಣ ಭಾರತದ ಕರಾವಳಿಗೆ ಬಂದ ವೆನಿಸ್ಸಿನ ಮಾರ್ಕೊ ಪೋಲೊ ತಮಿಳುನಾಡಿನ ಅರಸರನ್ನು ಕುರಿತು ಒಂದು ಕಹಿಯಾದ ಸಂಗತಿಯನ್ನು ಹೇಳಿದ್ದಾನೆ. ಹೊರ್ಮುಜ್, ಏಡನ್ ಮೊದಲಾದ ಕಡೆಗಳಿಂದ ಅವರು ಸಾವಿರಗಟ್ಟಲೆ ಕುದುರೆಗಳನ್ನು ಕೊಳ್ಳುತ್ತಿದ್ದರು. ವರ್ಷ ತುಂಬುವುದರೊಳಗೆ ಬಹುಪಾಲು ಸತ್ತುಹೋಗುತ್ತಿದ್ದವು, ಏಕೆಂದರೆ ನೋಡಿಕೊಳ್ಳಬಲ್ಲವರಿರಲಿಲ್ಲ. ಬೇಯಿಸಿದ ಅನ್ನ, ಮಾಂಸಗಳನ್ನು ತಿನ್ನಿಸುತ್ತಿದ್ದರಂತೆ. ಲಾಳ ಕಟ್ಟಿ ಚಿಕಿತ್ಸೆ ಮಾಡಬಲ್ಲವರನ್ನು ಇಲ್ಲಿಗೆ ಬರಗೊಡದಂತೆ ವರ್ತಕರೇ ನೋಡಿಕೊಳ್ಳುತ್ತಿದ್ದರೆಂದೂ ಅವನು ಬರೆದಿದ್ದಾನೆ. ಕುದುರೆ ಸತ್ತಷ್ಟೂ ಅವರ ವ್ಯಾಪಾರ ಬೆಳೆಯಬೇಕಷ್ಟೆ! ಪರದೇಶದ ಪ್ರಯಾಣಿಕನ ಮಾತನ್ನೆಲ್ಲ ಹಾಗೆಯೇ ನಂಬಬೇಕಾದುದಿಲ್ಲ. ಆದರೂ ಒಂದು ನಿಜ ಅದರಲ್ಲಿದೆ. ಕುದುರೆ ಕೊಳ್ಳಲು ಹೊನ್ನು ಸಾಕು. ಉಳಿಸಿಕೊಳ್ಳಲು ಆಳು ಬೇಕು.

ಇದಾಗಿ ಇನ್ನೂರು ವರ್ಷಗಳ ಮೇಲೆ, ವಿಜಯನಗರದ ಚರಿತ್ರೆಯಲ್ಲಿ ಕುದುರೆಯ ಬಾಲ ನೇರವಾಗಿಯೇ ಕಾಣಿಸಿಕೊಳ್ಳುತ್ತದೆ. 1535ರ ಸುಮಾರಿನಲ್ಲಿ ಬರೆದ ಪೋರ್ಚುಗೀಸ್ ವರ್ತಕ ಫೆರ್ನಾವೊ ನೂನಿಜ್, ಸಾಳುವ ನರಸಿಂಹನ ಆಳ್ವಿಕೆಯ (1485–1491) ವಿಚಾರವಾಗಿ ಹೇಳುವ ಸಂಗತಿ ಇದು. ಹೊರ್ಮುಜ್, ಏಡನ್‌ಗಳಿಂದ ಕುದುರೆ ತರುವ ವರ್ತಕರಿಗೆ ನರಸಿಂಹ ಕೇಳಿದಷ್ಟು ಬೆಲೆ ಕೊಡುತ್ತಿದ್ದ. ಮೂರು ಕುದುರೆಗೆ ಸಾವಿರ ಪರ್ದಾವ್, ಎಂದರೆ ಸಾವಿರ ಚಿನ್ನದ ನಾಣ್ಯ. ಬದುಕಿದ್ದರೂ ಸರಿ, ಸತ್ತಿದ್ದರೂ ಸರಿ. ಕಡಲಿನಲ್ಲಿ ಸತ್ತ ಕುದುರೆಯ ಬಾಲವನ್ನು ಮಾತ್ರ ತಂದೊಪ್ಪಿಸಿದರೆ ಸಾಕು, ಜೀವಂತ ಕುದುರೆಗೆ ಕೊಡುವ ಬೆಲೆಯನ್ನೇ ಕೊಡುತ್ತಿದ್ದ. ನೂನಿಜನ ಬರಹವನ್ನು ಲಿಸ್ಬನ್ನಿನಲ್ಲಿ 1897ರಲ್ಲಿ ಅಚ್ಚು ಮಾಡಿಸಿದರು. 1900ರಲ್ಲಿ ರಾಬರ್ಟ್ ಸಿವೆಲ್ ಇಂಗ್ಲಿಷಿಗೆ ತಂದ ಮೇಲೆ ಅದು ನಮ್ಮವರ ಕಣ್ಣಿಗೆ ಬಿದ್ದಿತು.

ಇದನ್ನು ಮೊದಲ ಸಲ ಓದಿದವರಿಗೆ ಅರಸನ ಹುಚ್ಚೆಂದು ತೋರಬಹುದು; ಯೋಚಿಸಿ ನೋಡಿದರೆ ಅದರ ಹಿಂದಿನ ಜಾಣತನ ಹೊಳೆಯುತ್ತದೆ. ಅರಬ್ಬಿ ಸಮುದ್ರದಲ್ಲಿ ತಿಂಗಳುಗಟ್ಟಲೆ ತೇಲಿ ಬರುವ ಕುದುರೆ ಸತ್ತರೆ ನಷ್ಟ ವರ್ತಕನದು. ಆ ಭಯದಿಂದ ಅವನು ಬೇರೆ ರೇವಿಗೆ, ಬೇರೆ ಅರಸನ ಬಳಿಗೆ ತಿರುಗಬಹುದು. ಆ ನಷ್ಟವನ್ನು ಅರಸನೇ ತಲೆಯ ಮೇಲೆ ಹೊತ್ತರೆ ವರ್ತಕ ಬಾಗಿಲು ಬಿಟ್ಟು ಕದಲುವುದಿಲ್ಲ. ಈಗಿನ ವಿಮೆಯ ತತ್ತ್ವವೂ ಇದೇ. ಇನ್ನು ಗುರುತಿಗೆ ಬಾಲವೇ ಏಕೆ? ಗೊರಸನ್ನು ಕೇಳಿದರೆ ಒಂದು ಕುದುರೆಗೆ ನಾಲ್ಕು ಲೆಕ್ಕವಾದೀತು. ಕಿವಿಯನ್ನು ಕೇಳಿದರೆ ಎರಡಾದೀತು. ಬಾಲ ಒಂದಕ್ಕೆ ಒಂದೇ. ನೂನಿಜ್ ಈ ಕಾರಣವನ್ನು ಹೇಳಿಲ್ಲ, ನನ್ನ ಊಹೆ.

ಸತ್ತ ಕುದುರೆಯ ಬಾಲಕ್ಕೆ ಮುನ್ನೂರಕ್ಕೂ ಮೇಲ್ಪಟ್ಟ ಹೊನ್ನು ದೊರೆಯಿತು. ಬದುಕಿರುವ ಕುದುರೆಯ ಬಾಲವನ್ನು ಕಾಯ್ದವನಿಗೆ ಏನು ದೊರೆಯಿತು? ಅದನ್ನು ತಿಳಿಯಬೇಕಾದರೆ ಮೊದಲು ಆ ಕೆಲಸ ಎಂಥದೆಂದು ತಿಳಿಯಬೇಕು.

ಕುದುರೆಯ ಬಾಲದ ಕೂದಲು ತಿಂಗಳಿಗೆ ಒಂದು ಅಂಗುಲವನ್ನು ಮೀರಿ ಬೆಳೆಯುವುದು ಅಪರೂಪ. ಎಂದರೆ ಮೂರು ಅಡಿ ಉದ್ದದ ಬಾಲದ ತುದಿಯಲ್ಲಿರುವ ಕೂದಲು ಮೂರು ವರ್ಷಕ್ಕಿಂತ ಹಳೆಯದು. ಬುಡ ಈ ತಿಂಗಳಿನದು, ತುದಿ ಎಂದಿನದೋ. ಮೂರು ವರ್ಷ ಅದನ್ನು ಹೇಗೆ ನೋಡಿಕೊಂಡರೆಂಬ ವರದಿಯನ್ನು ಕುದುರೆ ತನ್ನ ಹಿಂದೆಯೇ ಹೊತ್ತು ತಿರುಗುತ್ತದೆ. ಒಂದು ದಿನದ ಸೋಮಾರಿತನದಿಂದ ಗಂಟುಬಿದ್ದ ಬಾಲವನ್ನು ಒರಟಾಗಿ ಎಳೆದು ಬಾಚಿದರೆ ಕಿತ್ತುಹೋದ ಕೂದಲು ಮತ್ತೆ ಅಷ್ಟುದ್ದ ಆಗಲು ಅಷ್ಟೇ ವರ್ಷ ಬೇಕು.

ಬಾಲದ ಬಿಳುಪಿಗೆ ಶತ್ರುಗಳು ಹಲವು. ಲಾಯದಲ್ಲಿ ಮಲಗಿದಾಗ ಗಂಜಲ, ಲದ್ದಿಗಳು ಹತ್ತಿ ಕೂದಲು ಹಳದಿಗಟ್ಟುತ್ತದೆ. ದಾರಿಯ ಕೆಂಪು ಧೂಳು ಕೂದಲಿನ ಹೊರಮೈಯ ಸಣ್ಣ ಸಣ್ಣ ಹುರುಪೆಗಳ ನಡುವೆ ಸೇರುತ್ತದೆ. ಬಿಸಿಲಿಗೆ ಒಣಗಿ ಕೂದಲು ಬಿರುಸಾಗುತ್ತದೆ. ಆದುದರಿಂದ ಬಾಲ ತೊಳೆಯುವ ಕೆಲಸ ನೀರಿನಿಂದ ಮೊದಲಾಗುವುದಿಲ್ಲ, ಹಾಸಿಗೆಯಿಂದ ಮೊದಲಾಗುತ್ತದೆ. ಒದ್ದೆಯಾದ ಹುಲ್ಲನ್ನು ಬೆಳಗು ಬೈಗು ತೆಗೆದು ಒಣಹುಲ್ಲನ್ನು ಹಾಸುವವನ ಕುದುರೆಗೆ ಅರ್ಧ ತೊಳೆದಂತೆಯೇ. ಆಮೇಲೆ ಕುದುರೆಯ ಪಕ್ಕಕ್ಕೆ ನಿಂತು (ನೇರ ಹಿಂದೆ ನಿಂತರೆ ಒದೆ ತಪ್ಪದು) ಬಾಲವನ್ನು ಕೈಬೆರಳುಗಳಿಂದ ಎಳೆ ಎಳೆಯಾಗಿ ಬಿಡಿಸಬೇಕು. ತುದಿಯಿಂದ ಬುಡದ ಕಡೆಗೆ ಬಿಡಿಸಬೇಕೇ ಹೊರತು ಬುಡದಿಂದ ತುದಿಗಲ್ಲ. ಹೆಣ್ಣುಮಕ್ಕಳ ಜಡೆ ಬಾಚುವ ತಾಯಂದಿರಿಗೆ ಇದನ್ನು ಹೇಳಿಕೊಡಬೇಕಾದುದಿಲ್ಲ. ರಾತ್ರಿಯೇ ನೆನೆಹಾಕಿ ಬೀಜ ತೆಗೆದ ಅಂಟುವಾಳದ ಕಾಯನ್ನು ಕಿವುಚಿ ನೊರೆ ಬರಿಸಿ, ಉಗುರುಬೆಚ್ಚಗಿನ ನೀರಿನಲ್ಲಿ ಬಾಲವನ್ನು ಅದ್ದಿ ಹಿಂಡಿ, ನೊರೆ ಹೋಗುವವರೆಗೂ ಜಾಲಿಸಬೇಕು. ಚೌಳುಮಣ್ಣು, ಸೋಡಾಗಳು ಬೇಗ ಬೆಳ್ಳಗೆ ಮಾಡುವುದೇನೋ ದಿಟ, ಆದರೆ ಕಾರ ಹೆಚ್ಚಾದರೆ ಕೂದಲು ತುಂಡಾಗುತ್ತದೆ.

ಕೊನೆಯದು ನೀಲಿ. ಹಳದಿಯ ಛಾಯೆಗೆ ನೀಲಿಯ ಒಂದು ತೊಟ್ಟು ಬಿದ್ದರೆ ಕಣ್ಣಿಗೆ ಬಿಳುಪು ಕಾಣುತ್ತದೆಂಬ ಗುಟ್ಟನ್ನು ನಮ್ಮ ಮಡಿವಾಳರು ಬಲ್ಲರು. ಮೊದಲು ನೀಲಿಗಿಡದಿಂದ ತೆಗೆದ ಬಣ್ಣ ಅದಕ್ಕೆ ಒದಗುತ್ತಿತ್ತು. 1820ರ ದಶಕದಲ್ಲಿ ಫ್ರಾನ್ಸಿನ ಗೀಮೆ ಎಂಬವನು ಅಲ್ಟ್ರಾಮರೀನ್ ನೀಲಿಯನ್ನು ಕೃತಕವಾಗಿ ಮಾಡುವ ಕ್ರಮ ಕಂಡುಹಿಡಿದ ಮೇಲೆ ಅಗ್ಗದ ಪುಡಿ ಮನೆಮನೆಗೂ ಬಂದಿತು. ಈಗ ಪರದೇಶಗಳಲ್ಲಿ ಬಿಳಿಗುದುರೆಗಾಗಿಯೇ ಮಾರುವ ನೇರಳೆಬಣ್ಣದ ಶಾಂಪೂವಿನಲ್ಲಿರುವುದೂ ಇದೇ ತತ್ತ್ವ. ಒಂದು ಚಿಟಿಕೆ ಹೆಚ್ಚಾಯಿತೋ, ಅಷ್ಟಮಂಗಲದ ಕುದುರೆ ನೀಲಿಯ ಬಾಲ ಬೀಸಿಕೊಂಡು ಹೋಗುತ್ತದೆ!

ಇದೆಲ್ಲ ಬರಿಯ ಅಲಂಕಾರವೆಂದು ತಿಳಿಯಬಾರದು. ಕುದುರೆ ಬಾಲವನ್ನು ಗೋಡೆಗೆ ಉಜ್ಜುತ್ತಿದ್ದರೆ ಹೊಟ್ಟೆಯಲ್ಲಿ ಹುಳುವೋ, ತೊಗಲಿನಲ್ಲಿ ಹೇನೋ ಇರಬಹುದು. ಬಣ್ಣ ತಿರುಗಿ ಬೆಳ್ಳಗಾದ ಕುದುರೆಗಳಿಗೆ ವಯಸ್ಸಾದಂತೆ ಬಾಲದ ಅಡಿಯಲ್ಲಿ ಕಪ್ಪು ಗಂಟುಗಳೇಳುವ ರೋಗವುಂಟು; ಹದಿನೈದು ವರ್ಷ ದಾಟಿದವುಗಳಲ್ಲಿ ಅದು ಬಹಳ ಸಾಮಾನ್ಯವೆಂದು ಪಶುವೈದ್ಯರು ಹೇಳುತ್ತಾರೆ. ದಿನವೂ ಬಾಲವನ್ನೆತ್ತಿ ತೊಳೆಯುವ ಕೈಗೆ ಆ ಗಂಟು ಕಡಲೆಯಷ್ಟಿರುವಾಗಲೇ ಸಿಕ್ಕುತ್ತದೆ. ತೊಳೆಯದ ಒಡೆಯನಿಗೆ ನಿಂಬೆಹಣ್ಣಿನಷ್ಟಾದ ಮೇಲೆ ಕಾಣುತ್ತದೆ.

ಇಷ್ಟು ಕೆಲಸಕ್ಕೆ ಮೊದಲು ಬೇಕಾದುದು ನೀರು. ನಮ್ಮ ಸೀಮೆಯವರಿಗೆ ಅದರ ಬೆಲೆ ಗೊತ್ತು. ಹಿರೇಗುಂಟನೂರು ಚಿತ್ರದುರ್ಗ ತಾಲ್ಲೂಕಿನ ಒಂದು ಹೋಬಳಿ. ಕಬ್ಬಿಣದ ಅದಿರಿನ ಗುಡ್ಡಗಳ ಕೆಂಪು ಮಣ್ಣು ಇಲ್ಲಿ ಬಿಳಿಯ ಪಂಚೆಯನ್ನೂ ಬಿಡುವುದಿಲ್ಲ, ಬಿಳಿಯ ಎತ್ತನ್ನೂ ಬಿಡುವುದಿಲ್ಲ. ಪಕ್ಕದ ಭೀಮಸಮುದ್ರದ ಕೆರೆಯ ಸುತ್ತ ಅಡಿಕೆ ತೋಟಗಳುಂಟಾದರೂ, ಅದನ್ನು ಬಿಟ್ಟು ಆಚೆ ಬಂದರೆ ಮಳೆಯನ್ನೇ ನೆಚ್ಚಿದ ಬೆದ್ದಲು. ಇಂಥ ನಾಡಿನಲ್ಲಿ ಪಾಳೆಯಗಾರರು ಕುದುರೆ ಸಾಕಿದರು. ಚಿತ್ರದುರ್ಗದ ನಾಯಕರು ವಿಜಯನಗರದ ಕಾಲದಲ್ಲಿ ತಲೆಯೆತ್ತಿದವರು. ದುರ್ಗದ ಬೆಟ್ಟದ ಮೇಲಿನ ಗೋಪಾಲಸ್ವಾಮಿ ಹೊಂಡ, ಅಕ್ಕತಂಗಿಯರ ಹೊಂಡ, ಊರಿನೊಳಗಿನ ಸಿಹಿನೀರು ಹೊಂಡ, ಸಂತೆಹೊಂಡಗಳನ್ನು ನೋಡಲು ಹೋದವರು ಕಲ್ಲಿನ ಕಟ್ಟಡವನ್ನು ಹೊಗಳಿ ಬರುತ್ತಾರೆ. ಬೇಸಗೆಯಲ್ಲಿ ಆ ನೀರು ಎಷ್ಟು ಮನುಷ್ಯರಿಗೆ, ಎಷ್ಟು ದನಗಳಿಗೆ, ಎಷ್ಟು ಕುದುರೆಗಳಿಗೆ ಹಂಚಿಕೆಯಾಗಬೇಕಾಗಿತ್ತೆಂದು ಲೆಕ್ಕ ಹಾಕುವವರು ಕಡಮೆ. 1779ರಲ್ಲಿ ದುರ್ಗ ಹೈದರಾಲಿಯ ವಶವಾಗಿ ಮದಕರಿನಾಯಕ ಶ್ರೀರಂಗಪಟ್ಟಣದ ಸೆರೆಗೆ ಹೋದನು. ಮುತ್ತಿಗೆ ಹಾಕಿದ ದಂಡಿನ ಕುದುರೆಗಳಿಗೂ ಇದೇ ಬಯಲಿನ ಹುರುಳಿ, ಇದೇ ಕೆರೆಗಳ ನೀರು ಆಧಾರ. ಕುಡಿಯಲು ಮಿಕ್ಕರೆ ತಾನೆ ತೊಳೆಯಲು! ಅಂಥ ದಿನಗಳಲ್ಲಿ ಬೆಳ್ಳಗಿರುವ ಬಾಲವೆಂದರೆ ಒಬ್ಬ ಆಳು ದೂರದಿಂದ ತಲೆಯ ಮೇಲೆ ಹೊತ್ತು ತಂದ ಕೊಡ ನೀರು ಎಂದರ್ಥ.

ಆ ಕಾಲದ ಸೈನ್ಯದಲ್ಲಿ ಸ್ವಂತ ಕುದುರೆಯಿದ್ದವನು ಸಿಲೇದಾರ, ಸರಕಾರದ ಕುದುರೆ ಹತ್ತುವವನು ಬಾರಗೀರ. 1807ರ ಒಪ್ಪಂದದಂತೆ ಮೈಸೂರು ಸಂಸ್ಥಾನ ನಾಲ್ಕು ಸಾವಿರ ಸವಾರರನ್ನು ಸಿದ್ಧವಾಗಿ ಇಟ್ಟಿರಬೇಕಾಗಿತ್ತು. ಸಿಲೇದಾರನಿಗೆ ಕುದುರೆ ಸತ್ತರೆ ಸಂಬಳವೂ ಹೋದಂತೆ; ಆದುದರಿಂದ ಅವನಿಗೆ ಕುದುರೆಯೇ ಹೊಲ, ಕುದುರೆಯೇ ಮನೆ. ಇವರ ಹಿಂದೆ ಹುಲ್ಲು ಕೊಯ್ಯುವವನು, ಹುರುಳಿ ಬೇಯಿಸುವವನು, ಮೈ ಉಜ್ಜುವವನು ನಡೆದುಕೊಂಡು ಹೋಗುತ್ತಿದ್ದರು. ಕುದುರೆಯಾಳಿಗೆ ಕಾಸದಾರ, ಸಾಯೀಸ ಎಂಬ ಹೆಸರುಗಳು ನಮ್ಮ ಭಾಷೆಯಲ್ಲಿ ಬಂದಿವೆ. ಅದಕ್ಕೂ ಹಿಂದೆ ಶಾಸನಗಳಲ್ಲಿ ಸಾಹಣಿ ಎಂಬ ಅಧಿಕಾರಿ ಕಾಣುತ್ತಾನೆ, ಲಾಯದ ಯಜಮಾನ. ಯಜಮಾನನ ಹೆಸರು ಕಲ್ಲಿಗೆ ಬಂದಿತು; ಅವನ ಕೈಕೆಳಗಿನವನ ಹೆಸರು ಬರಲಿಲ್ಲ.

ನಮ್ಮ ಕವಿಗಳು ಮಾತ್ರ ಈ ಕೆಲಸವನ್ನು ಕೀಳೆಂದು ಕಾಣಲಿಲ್ಲ. ಮಳೆ ಹೋದ ವರ್ಷ ವಿರಾಟಪರ್ವವನ್ನು ಓದಿಸುವ ವಾಡಿಕೆ ನಮ್ಮ ಹಳ್ಳಿಗಳಲ್ಲಿ ಇದ್ದುದನ್ನು ನೀವು ಬಲ್ಲಿರಿ. ಅದರಲ್ಲಿ ಪಾಂಡುಪುತ್ರನಾದ ನಕುಲ ಗ್ರಂಥಿಕನೆಂಬ ಹೆಸರಿನಿಂದ ವಿರಾಟನ ಲಾಯದಲ್ಲಿ ಒಂದು ವರ್ಷ ಕುದುರೆಯಾಳಾಗಿ ದುಡಿಯುತ್ತಾನೆ. ಶ್ವೇತವಾಹನನೆಂಬುದು ಅರ್ಜುನನ ಹತ್ತು ಹೆಸರುಗಳಲ್ಲಿ ಒಂದು. ಅವನ ರಥಕ್ಕೆ ಹೂಡಿದವು ಬಿಳಿಯ ಕುದುರೆಗಳು. ಜಯದ್ರಥನನ್ನು ಕೊಲ್ಲಬೇಕಾದ ದಿನ, ಹಗಲು ಜಾರುತ್ತಿರುವಾಗ, ಶತ್ರುಗಳ ನಡುವೆಯೇ ಆ ಕುದುರೆಗಳು ಬಳಲಿ ನಿಂತುವು. ಅರ್ಜುನ ಬಾಣದಿಂದ ನೆಲವನ್ನು ಸೀಳಿ ನೀರು ತೆಗೆದ. ಶ್ರೀಕೃಷ್ಣ ಕುದುರೆಗಳ ನೊಗ ಕಳಚಿ, ನಾಟಿದ ಅಂಬುಗಳನ್ನು ಕಿತ್ತು, ಮೈಯುಜ್ಜಿ, ನೀರು ಕುಡಿಸಿದ. ಗೀತೆಯನ್ನು ಹೇಳಿದ ಬಾಯಿಯನ್ನು ನಾವು ದಿನವೂ ಸ್ಮರಿಸುತ್ತೇವೆ. ಕುದುರೆಯ ಮೈ ಉಜ್ಜಿದ ಕೈಯೂ ಅವನದೇ ಎಂಬುದನ್ನು ಮರೆಯಬಾರದು.

ಇನ್ನು ರೇಡಿಯೋ ಕೇಳುವ ಮನೆಯವರಾದ ತಮಗೆ ಈ ಬಾಲದ ಋಣ ಇನ್ನೊಂದು ಬಗೆಯಲ್ಲಿಯೂ ಇದೆ. ಸಂಜೆಯ ಕಚೇರಿಯಲ್ಲಿ ಪಿಟೀಲು ನುಡಿದಾಗ ತಂತಿಯ ಮೇಲೆ ಆಡುವ ಕಮಾನಿಗೆ ಕಟ್ಟಿರುವುದು ಕುದುರೆಯ ಬಾಲದ ಕೂದಲು. ಒಂದು ಕಮಾನಿಗೆ ಸುಮಾರು ನೂರೈವತ್ತರಿಂದ ಇನ್ನೂರು ಎಳೆ ಬೇಕು. ಪಿಟೀಲಿಗೆ ಬಿಳಿಯ ಕೂದಲನ್ನೇ ಹೆಚ್ಚಾಗಿ ಆರಿಸುತ್ತಾರೆ; ಒರಟಾದ ಕಪ್ಪು ಕೂದಲನ್ನು ದಪ್ಪ ದನಿಯ ದೊಡ್ಡ ವಾದ್ಯಗಳಿಗೆ ಬಳಸುವುದುಂಟು. ಅದಕ್ಕೆ ರಾಳವನ್ನು ತೀಡಿದರೆ ತಂತಿಯನ್ನು ಹಿಡಿದು ನುಡಿಸುತ್ತದೆ. ಎರಡು ಅಡಿಗೂ ಮೀರಿದ, ಎಲ್ಲಿಯೂ ಮುರಿಯದ ಎಳೆ ಬೇಕಾದುದರಿಂದ ಎರಡು ವರ್ಷಕ್ಕೂ ಹೆಚ್ಚು ಕಾಲ ಚೆನ್ನಾಗಿ ಕಾಯ್ದ ಬಾಲವೇ ಆಗಬೇಕು. ಈಗ ಇಂಥ ಕೂದಲು ಹೆಚ್ಚಾಗಿ ಬರುವುದು ಮಂಗೋಲಿಯ, ಸೈಬೀರಿಯ, ಚೀನಾಗಳ ಚಳಿಯ ಬಯಲುಗಳಿಂದ. ಏಳು ತಂತಿಯ ಪಿಟೀಲಿನಿಂದ ನಾಡನ್ನು ತಣಿಸಿದ ಮೈಸೂರಿನ ಟಿ. ಚೌಡಯ್ಯನವರು (1895–1967) ನಮಗೆಲ್ಲ ಪರಿಚಿತರು. ಬೆಂಗಳೂರಿನಲ್ಲಿ ಅವರ ನೆನಪಿಗೆ ಪಿಟೀಲಿನ ಆಕಾರದ ಭವನವೇ ಎದ್ದಿದೆ. ಆ ಕಮಾನಿನ ಕೂದಲನ್ನು ಯಾವುದೋ ಹುಲ್ಲುಗಾವಲಿನಲ್ಲಿ ಬಿಡಿಸಿ ತೊಳೆದವನು ಚೌಡಯ್ಯನವರ ಹೆಸರನ್ನು ಕೇಳಿರಲಾರ. ಅವನ ಹೆಸರು ನಮಗೂ ತಿಳಿಯದು. ಆದರೂ ಇಬ್ಬರೂ ಕೂಡಿಯೇ ಆ ನಾದವನ್ನು ನಮ್ಮ ಮನೆಗೆ ತಂದರು.

ಟಿಪ್ಪುವಿನ ಕಾಲದಲ್ಲಿ ರಾವುತರ ದಳಕ್ಕಾಗಿ ಮೊದಲಾದ ಕುಣಿಗಲ್ಲಿನ ಕುದುರೆ ಫಾರಂ ಮುಂದೆ ಪಂದ್ಯದ ಕುದುರೆಗಳಿಗೆ ಹೆಸರಾಯಿತು. ಮೈಸೂರಿನ ದಸರೆಯಲ್ಲಿ ಅಶ್ವಾರೋಹಿ ಪೊಲೀಸ್ ದಳ ಹೆಜ್ಜೆ ಹಾಕುತ್ತದೆ. ಆ ಊರಿನ ಬೀದಿಗಳಲ್ಲಿ ಕೆಲವು ಟಾಂಗಾಗಳೂ ಉಳಿದಿವೆ. ಉಳಿದ ಊರುಗಳಲ್ಲಿ ಜಟಕಾ ನಿಲ್ಲುತ್ತಿದ್ದ ಕಡೆ ಆಟೋಗಳು ನಿಂತಿವೆ. ಅದಕ್ಕಾಗಿ ಅಳಬೇಕಾದುದಿಲ್ಲ, ಕಾಲ ಬದಲಾಗಲೇಬೇಕು. ಆದರೆ ಕುದುರೆಯ ವಿದ್ಯೆಯಲ್ಲಿ ಓಲೆಗೆ ಬಂದ ಭಾಗ ಗ್ರಂಥಭಂಡಾರಗಳಲ್ಲಿ ಸುರಕ್ಷಿತವಾಗಿದೆ. ಕೈಗೆ ಬಂದ ಭಾಗ ಕೈಯ ಜೊತೆಗೇ ಮಣ್ಣಾಗುತ್ತಿದೆ. ಹಳದಿಗಟ್ಟಿದ ಬಾಲಕ್ಕೆ ಯಾವ ಕಾಯಿ, ಎಷ್ಟು ನೀಲಿ, ಎಷ್ಟು ಹೊತ್ತು ಎಂಬುದನ್ನು ಜಟಕಾ ಹೊಡೆದವರು ಬಲ್ಲರು. ಅಂಥ ಹಿರಿಯರು ನಿಮ್ಮ ಊರಿನಲ್ಲಿ ಇನ್ನೂ ಇದ್ದರೆ, ಒಂದು ಸಂಜೆ ಹೋಗಿ ಅವರ ಪಕ್ಕದಲ್ಲಿ ಕುಳಿತು ಕೇಳಿರಿ. ಮಕ್ಕಳ ಕೈಯಲ್ಲಿ ಒಂದು ನೋಟುಬುಕ್ಕಿನಲ್ಲಿ ಬರೆಯಿಸಿರಿ. ಬರೆಯುವಾಗ ಮೊದಲ ಪುಟದಲ್ಲಿ ಕುದುರೆಯ ಹೆಸರಿಗಿಂತ ಮುಂಚೆ ಅವರ ಹೆಸರಿರಲಿ.